ಗೋಡೆಯಾಚೆಯ ಪಂಪು

ನಮ್ಮ ದೊಡ್ಡಮ್ಮ ಕೆಲಸಕ್ಕೆ ಸೇರಿದಾಗ ಅವಳ ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್ ಎಂದಿತ್ತು. ನಿವೃತ್ತಳಾದಾಗಲೂ ಹಾಗೇ ಇತ್ತು. ನೀರು ಸರಬರಾಜು ಕಚೇರಿಯಲ್ಲಿ ಆ ಕುರ್ಚಿಗೆ ಹೆಂಗಸೊಬ್ಬಳು ಬಂದು ಕೂರಬಹುದೆಂದು ಹೆಸರಿಟ್ಟವರಿಗೆ ಹೊಳೆದಿರಲಿಲ್ಲ. ಎಲ್ಲಿಂದ ನೀರೆತ್ತಬೇಕು, ಯಾವ ಗುಡ್ಡದ ಟ್ಯಾಂಕಿಗೆ ಏರಿಸಬೇಕು, ಯಾವ ಬೀದಿಗೆ ಎಷ್ಟು ದಪ್ಪದ ಪೈಪು ಎಂದು ಅವಳು ಹಾಳೆಯ ಮೇಲೆ ಗೆರೆ ಎಳೆದರೆ, ವರ್ಷ ಕಳೆಯುವುದರೊಳಗೆ ಆ ಗೆರೆಯ ಜಾಗದಲ್ಲಿ ನೆಲ ಅಗೆಯುತ್ತಿದ್ದರು. ಆದರೆ ತನ್ನ ಕೈಯಾರೆ ಒಂದು ನಲ್ಲಿಯ ವಾಷರ್ ಬದಲಿಸಿದವಳಲ್ಲ. ಮನೆಯ ನಲ್ಲಿ ಸೋರಿದರೆ ಎಲ್ಲರಂತೆ ಅವಳೂ ಪ್ಲಂಬರಿಗೆ ಫೋನು ಮಾಡಿ, ಅವನು ಬರುವ ತನಕ ಕೆಳಗೊಂದು ಬಕೆಟ್ಟು ಇಡುತ್ತಿದ್ದಳು.

ದೊಡ್ಡಪ್ಪ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಹೇಳುವವರು. ಊರಿಗೆಲ್ಲ ಅವರ ದನಿ ಗೊತ್ತು, ಮುಖ ಗೊತ್ತಿಲ್ಲ. ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಭಾವನ ಮಾತೆಲ್ಲ ಮೈಕಿಗೇ ಖರ್ಚಾಗಿ ಮನೆಗೆ ಖಾಲಿ ಡಬ್ಬ ಬರುತ್ತದೆ ಎಂದು ನಮ್ಮಮ್ಮ ನಗುತ್ತಿದ್ದಳು. ಅಮ್ಮ ದೊಡ್ಡಮ್ಮನ ತಂಗಿ. ಅಕ್ಕನ ಸಂಸಾರವನ್ನು ಗೇಲಿ ಮಾಡುವ ಹಕ್ಕು ತನ್ನೊಬ್ಬಳದೇ ಎಂದುಕೊಂಡಿದ್ದವಳು. ಬೇರೆ ಯಾರಾದರೂ ಅದೇ ಮಾತಾಡಿದರೆ ಮೈಮೇಲೆ ಬೀಳುತ್ತಿದ್ದಳು.

ಆ ಮೌನ ಮೊದಲಿನಿಂದ ಇದ್ದದ್ದಲ್ಲ. ದೊಡ್ಡಮ್ಮನಿಗೆ ನಲವತ್ತು ದಾಟಿದ ಮೇಲೆ ಒಂದು ಬಡ್ತಿ ಬಂತು, ಅದರ ಬೆನ್ನಿಗೇ ದೂರದ ಊರಿಗೆ ವರ್ಗವೂ ಬಂತು. ಆಗಲೇ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ಬೇಡ ಅಂದುಬಿಡು ಎಂದು ದೊಡ್ಡಪ್ಪ ಒಂದೇ ಸಲ ಹೇಳಿದರಂತೆ. ಅವಳು ಹೋದಳು. ಮಕ್ಕಳಿರಲಿಲ್ಲ, ಕೆಲಸವೇ ಅವಳ ಕೈಗೆ ಸಿಕ್ಕಿದ ದೊಡ್ಡ ವಸ್ತು, ಅದನ್ನು ಅರ್ಧಕ್ಕೆ ಬಿಡಲು ಮನಸ್ಸು ಬರಲಿಲ್ಲ. ವಾರದ ಕೊನೆಗೆ ಬರುವುದು, ಅತ್ತೆಯ ತಲೆ ಬಾಚುವುದು, ಬಟ್ಟೆ ಒಗೆದು ಹಾಕುವುದು, ಮತ್ತೆ ಬಸ್ಸು ಹತ್ತುವುದು. ಉಳಿದ ದಿನ ತಾಯಿಯನ್ನು ಎತ್ತಿ ಕೂರಿಸುವುದರಿಂದ ಹಿಡಿದು ಉಗುರು ಕತ್ತರಿಸುವವರೆಗೆ ಎಲ್ಲ ದೊಡ್ಡಪ್ಪನದೇ. ಅತ್ತೆ ತೀರಿಕೊಂಡದ್ದು ವಾರದ ನಡುವೆ. ಸುದ್ದಿ ತಲುಪುವಾಗ ದೊಡ್ಡಮ್ಮ ಎಲ್ಲೋ ಒಂದು ಪಂಪ್‌ಹೌಸಿನ ಅಳತೆ ತೆಗೆಯುತ್ತಿದ್ದಳು. ಅವಳು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಜನ ಚದುರಿದ್ದರು.

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತು ಅಂದು, ಅತ್ತು, ಅಲ್ಲಿಗೆ ಮುಗಿಯುತ್ತಿತ್ತೇನೋ. ಅಂದಿನಿಂದ ಅವರ ಮಾತು ಹಾಲು ಬಂತಾ, ಬಾಗಿಲು ಹಾಕಿದೆಯಾ ಎನ್ನುವಷ್ಟಕ್ಕೆ ನಿಂತಿತು. ಅವಳು ವರ್ಗ ಮಾಡಿಸಿಕೊಂಡು ವಾಪಸು ಬಂದ ಮೇಲೂ ಅಷ್ಟೇ ಇತ್ತು.

ತಾಯಿ ಹೋದ ವರ್ಷವೇ ಅವರು ಮನೆಯ ಮುಂದಿನ ಹಾಲ್‌ನಲ್ಲಿ ಒಂದು ಉದ್ದನೆಯ ಗಾಜಿನ ತೊಟ್ಟಿ ತಂದಿಟ್ಟರು. ಅದರಲ್ಲಿ ನೋಡುವಂಥದ್ದು ನೀರೊಳಗಿನ ಗಿಡಗಳು. ರಿಬ್ಬನ್ನಿನಂಥ ಹುಲ್ಲು, ಕೆಂಪೆಲೆಯ ಪೊದೆ, ಕೊರಡಿನ ಮೇಲೆ ಹಬ್ಬಿದ ಪಾಚಿ. ನಡುವೆ ಬೆರಳುದ್ದವೂ ಇಲ್ಲದ ಮೀನುಗಳ ಒಂದು ಗುಂಪು. ಮೀನು ಬರೀ ಗೊಬ್ಬರ ಹಾಕುವ ಆಳುಗಳು ಕಣೇ ಎಂದು ನನಗೊಮ್ಮೆ ಹೇಳಿದ್ದರು. ಆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆಂದರೆ ದೊಡ್ಡಮ್ಮ ಅತ್ತಿಂದಿತ್ತ ಓಡಾಡಿದ್ದೂ ಅವರಿಗೆ ಕಾಣುತ್ತಿರಲಿಲ್ಲ. ಅವಳು ಅದನ್ನು ಒರೆಸಿದವಳೂ ಅಲ್ಲ, ತಿರುಗಿ ನೋಡಿದವಳೂ ಅಲ್ಲ. ನಮ್ಮಮ್ಮ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು.

ಇಬ್ಬರೂ ನಿವೃತ್ತರಾಗಿ ಕೆಲವು ವರ್ಷವಾದ ಮೇಲೆ, ಒಂದು ಬೆಳಿಗ್ಗೆ ಶೂ ಕಟ್ಟಿಕೊಳ್ಳಲು ಬಗ್ಗಿದ ದೊಡ್ಡಪ್ಪ ಹಾಗೇ ಪಕ್ಕಕ್ಕೆ ವಾಲಿದರು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಪದ, "ಆಯ್ತು." ಹಸಿವಾದರೂ ಆಯ್ತು, ನೋವಾದರೂ ಆಯ್ತು, ಬೇಡವೆಂದು ತಲೆ ಒದರುವಾಗಲೂ ಆಯ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಎಲ್ಲಕ್ಕೂ ಒಪ್ಪುವ ಗಂಡ ಸಿಕ್ಕ ನೋಡು ಎಂದು ಅಮ್ಮ ಶುರುಮಾಡಿದವಳು, ಅಕ್ಕನ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡಳು.

ಅವರನ್ನು ಒಳಕೋಣೆಯಲ್ಲಿ ಮಲಗಿಸಿದರು. ಹಗಲು ನೋಡಿಕೊಳ್ಳಲು ಒಬ್ಬಾಕೆ ಬರುತ್ತಿದ್ದಳು. ನರ್ಸು ಓದಿದವಳಲ್ಲ, ಆದರೂ ಎಲ್ಲರೂ ನರ್ಸಮ್ಮ ಅನ್ನುತ್ತಿದ್ದೆವು. ದೊಡ್ಡಪ್ಪ ಯಾವ ಹೊತ್ತಿಗೂ ಬಾಗಿಲ ಕಡೆಗೇ ಕಣ್ಣು ನೆಟ್ಟಿರುತ್ತಿದ್ದರು. ಯಾರನ್ನೋ ಕಾಯುತ್ತಿದ್ದಾರೆ ಎಂದು ನರ್ಸಮ್ಮ ಹೇಳಿದಳು. ದೊಡ್ಡಮ್ಮನಿಗೆ ಗೊತ್ತಾಯಿತು: ಬಾಗಿಲಿನಾಚೆ, ಹಾಲ್‌ನಲ್ಲಿ ತೊಟ್ಟಿಯಿತ್ತು.

ನೀರು ಬಸಿದು, ಗಿಡಗಳನ್ನು ಬಕೆಟ್ಟಿಗೆ ಹಾಕಿ, ಮೂರು ಮನೆಯ ಗಂಡಸರನ್ನು ಕರೆದು ತೊಟ್ಟಿಯನ್ನು ಒಳಕೋಣೆಗೆ ಸಾಗಿಸಿದೆವು. ಆಮೇಲೆ ಹೊಸ ತಾಪತ್ರಯ ಶುರುವಾಯಿತು. ತೊಟ್ಟಿಯ ಬೆನ್ನಿಗೆ ನೇತುಹಾಕಿದ್ದ ಹಳೆಯ ಫಿಲ್ಟರಿನಿಂದ ನೀರು ಸದಾ ಪಟಪಟನೆ ಬೀಳುತ್ತಿತ್ತು. ಹಾಲಿನಲ್ಲಿ ಯಾರಿಗೂ ಕೇಳಿಸದಿದ್ದ ಆ ಸದ್ದು ಆ ಸಣ್ಣ ಕೋಣೆಯಲ್ಲಿ ಕಿವಿಯ ಪಕ್ಕದಲ್ಲೇ ನಲ್ಲಿ ಬಿಟ್ಟ ಹಾಗಾಯಿತು. ದೊಡ್ಡಪ್ಪ ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡು ಮಲಗಿದರು. ಇನ್ನೊಂದು ಕಿವಿ ಮುಚ್ಚಲು ಕೈಯಿರಲಿಲ್ಲ. ಫಿಲ್ಟರ್ ನಿಲ್ಲಿಸಿದರೆ ನೀರು ಕೊಳೆಯುತ್ತದೆ. ನಿಲ್ಲಿಸದಿದ್ದರೆ ಅವರಿಗೆ ನಿದ್ದೆಯಿಲ್ಲ.

ಆಗ ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಊಟದ ಮೇಜಿನ ಮೇಲೆ ಹಾಳೆ ಹರಡಿದಳು.

ತೊಟ್ಟಿ ಒರಗಿದ್ದ ಗೋಡೆಯ ಆಚೆ ಬದಿಗೆ ಬಚ್ಚಲು. ಪಂಪನ್ನೂ ಫಿಲ್ಟರನ್ನೂ ಬಚ್ಚಲಿಗೆ ಸಾಗಹಾಕುವುದು. ಗೋಡೆಗೆ ಎರಡು ತೂತು ಕೊರೆದು, ಒಂದರಲ್ಲಿ ತೊಟ್ಟಿಯ ನೀರು ಆಚೆ ಹೋಗಿ, ಮುಚ್ಚಿದ ಡಬ್ಬಿಯೊಳಗಿನ ಸ್ಪಂಜು ದಾಟಿ, ಇನ್ನೊಂದರಲ್ಲಿ ವಾಪಸು ಬರುವ ಹಾಗೆ ಮಾಡುವುದು. ಸದ್ದೆಲ್ಲ ಗೋಡೆಯಾಚೆ ಉಳಿಯುತ್ತದೆ. ಎಲ್ಲಾದರೂ ಸೋರಿದರೂ ನೀರು ಸೀದಾ ಬಚ್ಚಲ ತೂತಿಗೆ ಹೋಗುತ್ತದೆ, ಮನೆ ಒದ್ದೆಯಾಗುವುದಿಲ್ಲ ಎಂದು ಪೆನ್ಸಿಲಿನ ತುದಿಯಿಂದ ತೋರಿಸಿದಳು. ಆ ಉಪಾಯ ಅವಳಿಗೆ ಬಹಳ ಹಿಡಿಸಿತ್ತು.

ಗೋಡೆ ಕೊರೆಯಲು ಮಾತ್ರ ಪ್ಲಂಬರ್ ಬಂದ. ಮಿಕ್ಕದ್ದನ್ನು ಅವಳೇ ಮಾಡಿದಳು. ಹಿಂದಿನ ಬೀದಿಯಲ್ಲಿದ್ದ ನನ್ನ ಪಾಲಿಗೆ ಪೈಪಿನ ಇನ್ನೊಂದು ತುದಿ ಹಿಡಿದುಕೊಳ್ಳುವ ಕೆಲಸ ಬಂತು. ಪೈಪಿನ ತಿರುವಿಗೆ ಹಾಕುವ ಮೊದಲ ಎಲ್ಬೋ ಸೊಟ್ಟಗೆ ಅಂಟಿಕೊಂಡಿತು. ಎರಡನೆಯದು ನೆಟ್ಟಗೆ ಕೂತಿತು, ಆದರೆ ಅವಳ ಹೆಬ್ಬೆರಳೂ ಅದಕ್ಕೇ ಅಂಟಿಕೊಂಡಿತು. ಹಾಳೆಯ ಮೇಲೆ ಪೈಪು ಯಾವತ್ತೂ ಹೀಗೆ ಕೈಗೆ ಹತ್ತಿಕೊಂಡಿರಲಿಲ್ಲ ನೋಡು ಎಂದು ಅವಳು ನಕ್ಕಳು. ಅವಳ ನಗು ಕೇಳಿ ಒಳಗಿನಿಂದ ದೊಡ್ಡಪ್ಪ ತಲೆ ಎತ್ತಿದ್ದನ್ನು ನಾನು ಕಂಡೆ.

ಪಂಪಿನ ವಿಷಯದಲ್ಲಿ ಅವಳು ಎಡವಿದಳು. ಜೀವಮಾನವೆಲ್ಲ ಗುಡ್ಡದ ಟ್ಯಾಂಕಿಗೆ ನೀರೇರಿಸುವ ಲೆಕ್ಕ ಹಾಕಿದವಳು; ಬಚ್ಚಲ ನೆಲದಿಂದ ತೊಟ್ಟಿಯ ಬಾಯಿಯವರೆಗಿನ ಎತ್ತರವನ್ನೂ ಹಾಗೇ ಲೆಕ್ಕಕ್ಕೆ ಹಿಡಿದು ದೊಡ್ಡ ಪಂಪು ತಂದಳು. ಸ್ವಿಚ್ಚು ಹಾಕಿದ್ದೇ ತಡ, ತೊಟ್ಟಿಯೊಳಗೆ ಬಿರುಗಾಳಿ ಎದ್ದಿತು. ಹುಲ್ಲೆಲ್ಲ ಒಂದೇ ಕಡೆಗೆ ಮಲಗಿತು, ಮರಳು ಹಾರಿ ಬೇರು ಕಾಣಿಸಿಕೊಂಡವು, ಮೀನುಗಳು ಕೊರಡಿನ ಹಿಂದೆ ಒತ್ತಿಕೊಂಡು ನಿಂತವು. ದೊಡ್ಡಪ್ಪ ಮಂಚದ ಪಟ್ಟಿಯನ್ನು ಎಡಗೈಯಿಂದ ಬಡಿಯುತ್ತ ಆಯ್ತು ಆಯ್ತು ಎಂದು ಕೂಗಿಕೊಂಡರು.

ಅವಳು ಪಂಪು ನಿಲ್ಲಿಸಿ ಬಚ್ಚಲ ಹೊಸ್ತಿಲ ಮೇಲೆ ಕೂತು ಯೋಚಿಸಿದಳು. ತಪ್ಪು ತಾನಾಗಿಯೇ ತಿಳಿಯಿತು. ಇಲ್ಲಿ ನೀರು ಎಲ್ಲಿಗೂ ಏರಬೇಕಾಗಿಲ್ಲ. ಇಳಿಯುವ ಪೈಪಿನ ನೀರಿನ ಭಾರವೇ ಏರುವ ಪೈಪಿನ ನೀರನ್ನು ತಕ್ಕಡಿಯ ಹಾಗೆ ತೂಗಿಸುತ್ತದೆ. ಪೈಪಿನ ಉಜ್ಜಾಟವನ್ನೂ ತಿರುವುಗಳನ್ನೂ ಗೆದ್ದರೆ ಪಂಪಿನ ಕೆಲಸ ಮುಗಿಯಿತು. ಮರುದಿನ ಸಣ್ಣ ಪಂಪು ಬಂತು. ಕಷ್ಟಪಟ್ಟು ಅಂಟಿಸಿದ ಎಲ್ಬೋಗಳನ್ನು ಕತ್ತರಿಸಿ ಬಿಸಾಕಿ, ಮೆಲ್ಲನೆ ಬಾಗುವ ಮೆದು ಹೋಸು ಹಾಕಿದಳು. ನೀರು ವಾಪಸು ಬರುವ ಕಡೆಗೆ ಒಂದು ವಾಲ್ವು. ಎಳೆದುಕೊಳ್ಳುವ ಕಡೆಗೆ ಹಾಕಿದರೆ ಪಂಪಿಗೆ ಗಂಟಲು ಹಿಚುಕಿದಂತಾಗುತ್ತದೆಯಂತೆ. ತೊಟ್ಟಿಯ ಹಿಂಬದಿಗೆ ಉದ್ದಕ್ಕೂ ಸಣ್ಣ ಸಣ್ಣ ತೂತಿನ ಒಂದು ಪೈಪು ಮಲಗಿಸಿ, ತೂತುಗಳನ್ನು ಗಾಜಿನ ಕಡೆಗೆ ತಿರುಗಿಸಿದಳು. ನೀರು ಗಾಜಿಗೆ ತಾಗಿ, ಹಬ್ಬಿ, ಸದ್ದಿಲ್ಲದೆ ಗಿಡಗಳತ್ತ ಬರತೊಡಗಿತು.

ನೀರು ಎಳೆಯುವ ಪೈಪಿಗೂ ಒಂದು ತೂತನ್ನು ಅವಳು ತುಂಬ ಜಾಗ್ರತೆಯಿಂದ ಕೊರೆದಳು. ಎಳೆಯುವ ಪೈಪು ತೊಟ್ಟಿಯ ತಳದವರೆಗೆ ಇಳಿದಿತ್ತು. ಆಚೆ ಎಲ್ಲಾದರೂ ಸೋರಿದರೆ ಆ ಪೈಪು ಇದ್ದ ನೀರನ್ನೆಲ್ಲ ಎಳೆದು ಹಾಕುತ್ತದೆ. ಅದಕ್ಕೆ ನೀರಿನ ಮಟ್ಟಕ್ಕಿಂತ ಒಂದಿಷ್ಟು ಕೆಳಗೆ ಪೈಪಿಗೊಂದು ಪುಟ್ಟ ತೂತು: ನೀರು ಅಲ್ಲಿಗಿಳಿದರೆ ಗಾಳಿ ನುಗ್ಗಿ ಎಳೆತ ತುಂಡಾಗುತ್ತದೆ. ಆ ತೂತು ಕಟ್ಟದಂತೆ ಪಿನ್ನು ಚುಚ್ಚಿ ನೋಡುವುದನ್ನು ಅವಳು ರೂಢಿ ಮಾಡಿಕೊಂಡಳು.

ನೀರಿನ ಹದ ಕೂಡಿಸಲು ಎಷ್ಟೋ ದಿನ ಹಿಡಿಯಿತು. ಅವಳು ಬಚ್ಚಲಲ್ಲಿ ಕೂತು ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ಗೋಡೆಯ ತೂತಿಗೆ ಬಾಯಿಟ್ಟು ಕೇಳುತ್ತಿದ್ದಳು, "ಈಗ್ ಹೇಗಿದೆ ರೀ?"

"ಆಯ್ತು," ಎಂದು ಒಳಗಿನಿಂದ ಬರುತ್ತಿತ್ತು.

"ಈ ಆಯ್ತು ಬೇಡ ಅನ್ನೋ ಆಯ್ತು. ಇನ್ನೂ ಕಮ್ಮಿ ಮಾಡ್ಲಾ?"

ಅವರು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ತಟ್ಟಿದರೆ ಕಮ್ಮಿ, ಬೆರಳು ಅಲ್ಲಾಡಿಸಿದರೆ ಜಾಸ್ತಿ. ಅದನ್ನು ನೋಡಿ ಕೂಗಿ ಹೇಳುವುದು ನನ್ನ ಕೆಲಸ. ಬರುಬರುತ್ತ ನಾನು ಬೇಡವಾದೆ. ದನಿಯ ಏರಿಳಿತದಲ್ಲೇ ಅವಳಿಗೆ ಗೊತ್ತಾಗತೊಡಗಿತು. ಆ ಮನೆಯಲ್ಲಿ ಅಷ್ಟು ಮಾತನ್ನು ನಾನು ಚಿಕ್ಕಂದಿನಿಂದ ಕೇಳಿರಲಿಲ್ಲ. ಕೊನೆಗೊಂದು ದಿನ ಹುಲ್ಲಿನ ತುದಿಗಳು ಉಸಿರಾಡಿದಷ್ಟೇ ಅಲುಗುತ್ತ ನಿಂತವು. ಮೀನುಗಳು ನಡುತೊಟ್ಟಿಗೆ ಬಂದವು. ದೊಡ್ಡಪ್ಪನ ಕೈ ಎದೆಯ ಮೇಲೆ ಸುಮ್ಮನೆ ಬಿದ್ದಿತ್ತು. ದೊಡ್ಡಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮಂಚದ ಅಂಚಿಗೆ ಕೂತಳು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ನಾನು ಹೇಳದೆ ಎದ್ದು ಬಂದೆ.

ಹಾಗೇ ಸಾಗಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ಅವಳ ಹಳೆಯ ಕಚೇರಿಯಿಂದ ಫೋನು ಬಂತು. ಎಲ್ಲೋ ರಸ್ತೆಯಡಿ ಪೈಪು ಒಡೆದಿದೆ, ಹಳೆಯ ವಾಲ್ವುಗಳು ಎಲ್ಲಿ ಹೂತಿವೆ ಎಂದು ಈಗಿನವರಿಗೆ ಗೊತ್ತಿಲ್ಲ, ದಯವಿಟ್ಟು ಬಂದು ನಕ್ಷೆ ನೋಡಿ ಹೇಳಬೇಕು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದಳು. ಒಂದು ದಿನದ ಕೆಲಸ ನಾಲ್ಕಾರು ದಿನವಾಯಿತು. ಅಲ್ಲಿ ಅವಳಿಗೆ ಕುರ್ಚಿ ಎಳೆದು ಕೊಡುತ್ತಿದ್ದರು, ಅವಳು ಬೆರಳಿಟ್ಟ ಕಡೆ ಅಗೆದರೆ ವಾಲ್ವು ಸಿಗುತ್ತಿತ್ತು. ಮುಖದಲ್ಲಿ ಕಳೆ ಬಂದಿತ್ತು. ಅದರಲ್ಲಿ ತಪ್ಪೇನಿತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ.

ಆ ಕೊನೆಯ ದಿನ ನರ್ಸಮ್ಮ ಮಧ್ಯಾಹ್ನದ ಊಟ ಮಾಡಿಸಿ ಮನೆಗೆ ಹೋಗುವವಳಿದ್ದಳು. ತಾನು ಅಷ್ಟರಲ್ಲಿ ಬಂದುಬಿಡುತ್ತೇನೆ ಎಂದು ದೊಡ್ಡಮ್ಮ ಗಂಡನಿಗೆ ಹೇಳಿಹೋಗಿದ್ದಳು. ಕಚೇರಿಯಲ್ಲಿ ಚಹಾ ಬಂತು, ಹಳೆಯ ಸಹೋದ್ಯೋಗಿಗಳು ಬಂದರು, ಮಾತಿಗೆ ಮಾತು ಬೆಳೆಯಿತು.

ಹಿಂದಿನ ದಿನ ಸ್ಪಂಜು ತೊಳೆಯಲು ಫಿಲ್ಟರಿನ ಡಬ್ಬಿ ಬಿಚ್ಚಿದ್ದಳು. ಮುಚ್ಚುವಾಗ ಮುಚ್ಚಳದ ರಬ್ಬರ್ ಬಳೆ ಒಂದು ಕಡೆ ಮಡಚಿಕೊಂಡಿತ್ತು. ಅಲ್ಲಿಂದ ನೀರು ಮೊದಲು ಹನಿಯಾಗಿ, ಆಮೇಲೆ ಧಾರೆಯಾಗಿ ಸೋರಿತು. ಒಂದು ತೊಟ್ಟೂ ಕೋಣೆಗೆ ಬರಲಿಲ್ಲ. ಅವಳು ನಕ್ಷೆಯಲ್ಲಿ ತೋರಿಸಿದ ಹಾಗೇ ಸೀದಾ ಬಚ್ಚಲ ತೂತಿಗೆ ಹೋಯಿತು. ಹೊರಗೆ ಯಾರಿಗೂ ಕಾಣಲಿಲ್ಲ. ಗಾಳಿ ನುಗ್ಗಬೇಕಾದ ಪುಟ್ಟ ತೂತಿನಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಬಸವನಹುಳುವೊಂದು ಹೊಕ್ಕು ಕೂತಿತ್ತು. ಆ ವಾರ ಅವಳು ಪಿನ್ನು ಹಾಕಿ ನೋಡಿರಲಿಲ್ಲ.

ಕೋಣೆಯಲ್ಲಿ ದೊಡ್ಡಪ್ಪ ಒಬ್ಬರೇ ಇದ್ದರು. ಎದುರಿಗೆ ಗಾಜಿನಲ್ಲಿ ನೀರು ಇಳಿಯುತ್ತಿತ್ತು.

ಸಂಜೆ ಮನೆ ಮುಟ್ಟಿದ ದೊಡ್ಡಮ್ಮ ಫೋನು ಮಾಡಿದಾಗ ನಾನು ಓಡಿಹೋದೆ. ದೊಡ್ಡಪ್ಪ ಮಂಚದಿಂದ ಕೆಳಗೆ ಬಿದ್ದು, ತೊಟ್ಟಿಯ ಮೇಜಿನವರೆಗೆ ತೆವಳಿಕೊಂಡು ಹೋಗಿದ್ದರು. ಎಡಗೈ ಮೇಜಿನ ಕಾಲನ್ನು ಹಿಡಿದಿತ್ತು, ಬಿಡಿಸಲು ಬೆರಳು ಒಂದೊಂದಾಗಿ ಎತ್ತಬೇಕಾಯಿತು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು; ಬಸ್ ನಿಲ್ದಾಣವನ್ನೆಲ್ಲ ತುಂಬುತ್ತಿದ್ದ ದನಿ ಪಕ್ಕದ ಮನೆಗೂ ಮುಟ್ಟಿರಲಿಲ್ಲ. ತೊಟ್ಟಿಯಲ್ಲಿ ಗಿಡಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಮರಳಿಗೆ ಅಂಟಿಕೊಂಡಿದ್ದವು. ತಳದಲ್ಲಿ ಉಳಿದ ಚೂರು ನೀರಿನಲ್ಲಿ ಕೆಲವು ಮೀನು ಪಕ್ಕೆಯ ಮೇಲೆ ಮಲಗಿ ಬಾಯಿ ಅಲ್ಲಾಡಿಸುತ್ತಿದ್ದವು, ಉಳಿದವು ಅಲ್ಲಾಡುತ್ತಿರಲಿಲ್ಲ. ಗೋಡೆಯಾಚೆ ಪಂಪು ನೀರಿಲ್ಲದೆ ಗರಗರ ಅನ್ನುತ್ತಿತ್ತು. ಅದನ್ನು ನಿಲ್ಲಿಸುವುದು ನಮಗ್ಯಾರಿಗೂ ಬಹಳ ಹೊತ್ತು ನೆನಪಾಗಲಿಲ್ಲ.

ಪಕ್ಕದ ಮನೆಯವರ ಕೈ ಹಿಡಿಸಿ ಅವರನ್ನು ಹಾಸಿಗೆಗೆ ಸೇರಿಸಿದೆವು. ಡಾಕ್ಟರು ಬಂದು ಮೂಳೆ ಮುರಿದಿಲ್ಲ ಎಂದು ಹೇಳಿಹೋದರು. ದೊಡ್ಡಮ್ಮ ಇಸ್ತ್ರಿ ಸೀರೆಯಲ್ಲೇ ನೆಲದ ಮೇಲೆ ಕೂತಿದ್ದಳು. ನಾನಿರುವುದು ಅವಳ ಗಮನದಲ್ಲಿತ್ತೋ ಇಲ್ಲವೋ. ಮೆಲ್ಲಗೆ ಹೇಳಿದಳು:

"ಅತ್ತೆ ಹೋದಾಗ ನಾನಿರಲಿಲ್ಲ. ನೀವು ಒಂದ್ ಮಾತೂ ಕೇಳಲಿಲ್ಲ. ಇವತ್ತಾದ್ರೂ ಕೇಳಿ ರೀ. ಎಲ್ಲಿ ಹಾಳಾಗ್ ಹೋಗಿದ್ದೆ ಅಂತ ಕೇಳಿ."

ದೊಡ್ಡಪ್ಪ ಅವಳನ್ನು ನೋಡಿದರು. ತುಟಿ ಅಲುಗಿತು. ಇದ್ದ ಆ ಒಂದು ಪದವೂ ಬರಲಿಲ್ಲ. ಆಮೇಲೆ ಕತ್ತನ್ನು ಆಚೆ ಮಗ್ಗುಲಿನ ಗೋಡೆಯ ಕಡೆಗೆ ಹೊರಳಿಸಿಕೊಂಡರು.

ಅವಳು ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಿದಳು. ಎಳೆಯುವ ಪೈಪನ್ನು ಅರ್ಧಕ್ಕೆ ಕತ್ತರಿಸಿದಳು, ಒಂದು ತೂತಿನ ಜಾಗದಲ್ಲಿ ಮೂರು ಕೊರೆದಳು, ರಬ್ಬರ್ ಬಳೆ ಹೊಸತು ಹಾಕಿದಳು. ಮೀನಿನ ಅಂಗಡಿಯವನು ಹೊಸ ಮೀನು ತಂದು ಬಿಟ್ಟ. ಬಾಡಿದ ಎಲೆ ಕಳಚಿ ಬುಡದಿಂದ ಹೊಸ ಚಿಗುರು ಬಂತು. ದೊಡ್ಡಪ್ಪ ಮಾತ್ರ ಗೋಡೆಯಿಂದ ತಿರುಗಲಿಲ್ಲ. ಮಂಚವನ್ನೇ ತಿರುಗಿಸಿ ಹಾಕಿದೆವು, ಕಣ್ಣು ಮುಚ್ಚಿಕೊಂಡರು. ಈಗ್ ಹೇಗಿದೆ ಎಂದು ಅವಳು ಆಚೆಯಿಂದ ಕೇಳಿದರೆ ಈಚೆಯಿಂದ ಏನೂ ಬರುತ್ತಿರಲಿಲ್ಲ.

ಹೀಗೇ ಸುಮಾರು ಕಾಲ ಕಳೆದ ಮೇಲೆ ನರ್ಸಮ್ಮ ಒಂದು ಮಾತು ಹೇಳಿದಳು. ಅಮ್ಮಾವರು ಕೋಣೆಯಲ್ಲಿಲ್ಲದಾಗ ಸಾಹೇಬರು ಕಣ್ಣು ಬಿಟ್ಟು ತೊಟ್ಟಿ ನೋಡುತ್ತಾರೆ, ಒಮ್ಮೊಮ್ಮೆ ಎಡಗೈ ಬೆರಳೂ ಆಡಿಸುತ್ತಾರೆ. ದೊಡ್ಡಮ್ಮ ಬಾಗಿಲ ಸಂದಿಯಿಂದ ನೋಡಿದಳು, ನಿಜವಾಗಿತ್ತು.  ಮರುದಿನದಿಂದ ಊಟವಾದ ಮೇಲೆ ಗಂಡನಿಗೆ ಹೊದಿಕೆ ಸರಿಪಡಿಸಿ, ಎದ್ದು ಹೋಗಿ ಬಚ್ಚಲಲ್ಲಿ ಪಂಪಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದಳು. ಒಂದು ಮಧ್ಯಾಹ್ನ ನಾನು ಹೋದಾಗ ಅಲ್ಲೇ ಇದ್ದಳು, ಕೈಯಲ್ಲಿ ಪಿನ್ನು. ಇಲ್ಲಿ ಯಾಕೆ ಕೂತಿದ್ದೀಯಾ ಎಂದೆ.

"ಅವರು ನೋಡಲಿ ಅಂತ," ಎಂದಳು.

ಚಳಿ ಶುರುವಾದಾಗ ದೊಡ್ಡಪ್ಪನಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಒಯ್ದು, ಸ್ವಲ್ಪ ಇಳಿದ ಮೇಲೆ ಮನೆಗೆ ಕರೆತಂದರು. ವಾರ ಕಳೆಯಲಿಲ್ಲ, ಹಗಲು ಹೊತ್ತಿನಲ್ಲೇ ಹೋಗಿಬಿಟ್ಟರು. ನರ್ಸಮ್ಮ ಅಡಿಗೆಮನೆಯಲ್ಲಿ ಸೂಪು ಬಿಸಿ ಮಾಡುತ್ತಿದ್ದಳು. ದೊಡ್ಡಮ್ಮ ಗೋಡೆಯಾಚೆ ಸ್ಟೂಲಿನ ಮೇಲಿದ್ದಳು. ದೊಡ್ಡಪ್ಪನ ಮುಖ ತೊಟ್ಟಿಯ ಕಡೆಗಿತ್ತು, ಕಣ್ಣು ತೆರೆದಿತ್ತು ಎಂದು ನರ್ಸಮ್ಮ ಹೇಳಿದಳು. ದೊಡ್ಡಮ್ಮನಿಗೆ ಅದರಿಂದ ಸಮಾಧಾನವಾಯಿತೋ ಹೊಟ್ಟೆ ಇನ್ನಷ್ಟು ಉರಿಯಿತೋ ಗೊತ್ತಿಲ್ಲ. ಬಂದವರೆಲ್ಲ ಕೊನೇ ಗಳಿಗೆಯಲ್ಲಿ ಹತ್ತಿರವಿದ್ದಿರಾ ಎಂದು ಕೇಳುತ್ತಿದ್ದರು. ಅವಳು ಎಲ್ಲರಿಗೂ ಇರಲಿಲ್ಲ ಎಂದೇ ಹೇಳಿದಳು. ಹತ್ತು ಅಡಿ ದೂರದಲ್ಲಿದ್ದೆ ಎಂದು ಒಬ್ಬರಿಗೂ ಹೇಳಲಿಲ್ಲ.

ಇದಾಗಿ ಮೂರು ವರ್ಷವಾಗುತ್ತ ಬಂತು. ಅಂಗಡಿಯವನು ತೊಟ್ಟಿಯನ್ನು ತಾನು ಕೊಂಡೊಯ್ಯುತ್ತೇನೆ ಎಂದ, ಅವಳು ಕೊಡಲಿಲ್ಲ. ಗಿಡ ಈಗ ದೊಡ್ಡಪ್ಪನ ಕಾಲದಲ್ಲಿದ್ದುದಕ್ಕಿಂತ ಚೆನ್ನಾಗಿ ಬೆಳೆದಿದೆ. ದೊಡ್ಡಮ್ಮ ಸೊರಗಿದ್ದಾಳೆ. ಕಚೇರಿಯವರು ಮತ್ತೆ ಕರೆದರು, ಕಣ್ಣು ಕಾಣುವುದಿಲ್ಲ ಎಂದು ಸುಳ್ಳು ಹೇಳಿದಳು. ತರಕಾರಿ ಅಂಗಡಿಗೆ ಹೋದರೂ ದಾರಿಯಲ್ಲಿ ಯಾರೊಂದಿಗೂ ನಿಲ್ಲುವುದಿಲ್ಲ. ಬಾಗಿಲು ತೆಗೆದವಳೇ ಚಪ್ಪಲಿಯನ್ನೂ ಬಿಡದೆ ಒಳಕೋಣೆಗೆ ಹೋಗಿ ನೀರಿನ ಮಟ್ಟ ನೋಡುತ್ತಾಳೆ.

ಮೊನ್ನೆ ನಮ್ಮಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಅಕ್ಕ ಎರಡು ದಿನ ಜೊತೆಗಿರಬೇಕೆಂದು ಅಮ್ಮ ಮೊದಲೇ ಒಪ್ಪಿಸಿದ್ದಳು. ದೊಡ್ಡಮ್ಮ ಚೀಲ ಹಿಡಿದು ಬೆಳಿಗ್ಗೆ ಊರ ಇನ್ನೊಂದು ತುದಿಯ ಅಮ್ಮನ ಮನೆಗೆ ಬಂದಳು, ತಂಗಿಗೆ ಕಣ್ಣಿಗೆ ಔಷಧಿ ಬಿಟ್ಟಳು, ಹಣ್ಣು ಹೆಚ್ಚಿ ಕೊಟ್ಟಳು. ನಡುನಡುವೆ ಹೊರಗೆ ಹೋಗಿ, ಕೀಲಿ ಕೊಟ್ಟು ಬಂದಿದ್ದ ಪಕ್ಕದ ಮನೆಯಾಕೆಗೆ ಫೋನು ಮಾಡುತ್ತಿದ್ದಳು. ನೀರು ಎಷ್ಟಿದೆ ನೋಡಿದಿರಾ, ಬಚ್ಚಲು ಒಣಗಿದೆಯಾ. ಸಂಜೆಯಾಗುವಷ್ಟರಲ್ಲಿ ಆಕೆ ಫೋನು ಎತ್ತುವುದನ್ನು ಬಿಟ್ಟಳು. ದೊಡ್ಡಮ್ಮ ಬಿಚ್ಚದೇ ಇಟ್ಟಿದ್ದ ಚೀಲವನ್ನು ಕೈಗೆತ್ತಿಕೊಂಡಳು. ನಾನು ಹೋಗಿ ನೋಡಿಬರುತ್ತೇನೆ, ನೀನಿರು ಎಂದೆ. ನಿನಗೆ ಗೊತ್ತಾಗಲ್ಲ ಕಣೇ ಎಂದು ನನ್ನ ಕೆನ್ನೆ ಮುಟ್ಟಿ ಮೆಟ್ಟಿಲಿಳಿದಳು.

ಅಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು.

"ಹೋದ್ಲಾ?"

"ಹೋದ್ಲು."

ಅಮ್ಮ ಏನೋ ತಮಾಷೆ ಮಾಡುವವಳಂತೆ ಬಾಯಿ ತೆರೆದಳು. ಮಾಡಲಿಲ್ಲ. ದೀಪ ಕಣ್ಣಿಗೆ ಚುಚ್ಚುತ್ತಿದೆ, ಆರಿಸು ಎಂದಳು.